ವಕ್ತಿನ ಚರಿತ್ರೆ: ಬಿಡುವಿಲ್ಲದವರು ನಮಾಝಿಗೆ ಬಿಡುವು ಕಂಡ ಬಗೆ



‘ನಮಾಝ್ ಮಾಡಬೇಕೆಂಬ ಆಸೆಯೇನೋ ಇದೆ, ಆದರೆ ಟೈಮೇ ಸಿಗುವುದಿಲ್ಲ.’ ಈ ಮಾತನ್ನು ನೀವೇ ಆಡಿರಬಹುದು, ಇಲ್ಲವೇ ಮನೆಯಲ್ಲಿ ಯಾರಾದರೂ ಆಡಿದ್ದನ್ನು ಕೇಳಿರಬಹುದು. ಹತ್ತನೆಯ ತರಗತಿಯ ಹುಡುಗ ಟ್ಯೂಷನ್ ಕಡೆ ಬೊಟ್ಟು ಮಾಡುತ್ತಾನೆ. ಅವನ ಅಬ್ಬಾ ಅಂಗಡಿಯ ಕಡೆ ತೋರಿಸುತ್ತಾರೆ. ಅಮ್ಮಿಗೆ ಬೆಳಗಿನ ತಿಂಡಿ, ಡಬ್ಬಿ, ಮಕ್ಕಳ ಸಮವಸ್ತ್ರ ಎಂದು ಒಂದರ ಹಿಂದೊಂದು ಕೆಲಸ. ನಗರದ ಕಚೇರಿಯಲ್ಲಿರುವ ಅಣ್ಣನಿಗೆ ಅರ್ಧ ದಿನ ಬಸ್ಸಿನಲ್ಲಿಯೇ ಕಳೆದುಹೋಗುತ್ತದೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಆದರೆ ಈ ಮಾತಿನ ಒಳಗೆ ಒಂದು ನಂಬಿಕೆ ಅಡಗಿದೆ. ಹಿಂದಿನವರಿಗೆ ಬೇಕಾದಷ್ಟು ಪುರುಸೊತ್ತು ಇತ್ತು, ಆದ್ದರಿಂದ ಅವರು ಇಬಾದತ್ ಮಾಡಿದರು. ನಮ್ಮ ಕಾಲ ಓಟದ ಕಾಲ, ಆದ್ದರಿಂದ ನಮಗೆ ಆಗುತ್ತಿಲ್ಲ ಎಂಬ ನಂಬಿಕೆ ಅದು. ಚರಿತ್ರೆ ಇದನ್ನು ಒಪ್ಪುತ್ತದೆಯೇ? ಈ ಲೇಖನದಲ್ಲಿ ಅದನ್ನಷ್ಟೇ ನೋಡೋಣ. ನಮಾಝಿನ ಫಝೀಲತ್ತನ್ನು ಹೇಳಲು ನಮ್ಮ ಉಲಮಾಗಳಿದ್ದಾರೆ. ನನ್ನ ಕೆಲಸ ಅದಲ್ಲ.

ಮದೀನಾದಿಂದಲೇ ಆರಂಭಿಸೋಣ. ಪ್ರವಾದಿಯವರ(ಸ) ಸಂಗಾತಿಗಳು ಬೆಳಗಿನಿಂದ ಸಂಜೆಯವರೆಗೆ ಮಸೀದಿಯಲ್ಲಿಯೇ ಕುಳಿತಿರುತ್ತಿದ್ದರೆಂದು ನಮ್ಮಲ್ಲಿ ಹಲವರು ಊಹಿಸಿಕೊಂಡಿರುತ್ತಾರೆ. ಹಾಗಿರಲಿಲ್ಲ. ಮಕ್ಕಾದಿಂದ ಬಂದ ಮುಹಾಜಿರರಿಗೆ ಪೇಟೆಯ ವ್ಯಾಪಾರವಿತ್ತು. ಮದೀನಾದ ಅನ್ಸಾರರಿಗೆ ಖರ್ಜೂರದ ತೋಟಗಳಿದ್ದವು, ನೀರು ಹಾಯಿಸುವ ಕೆಲಸವಿತ್ತು. ಹಝ್ರತ್ ಉಮರ್(ರ) ಅವರ ಮನೆ ಮದೀನಾದ ಮೇಲ್ಭಾಗದ ಅವಾಲಿ ಪ್ರದೇಶದಲ್ಲಿತ್ತು, ಪ್ರವಾದಿಯವರ(ಸ) ಮಸೀದಿಯಿಂದ ದೂರ. ಅವರು ತಮ್ಮ ಅನ್ಸಾರಿ ನೆರೆಯವರ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರೆಂದು ಸಹೀಹ್ ಬುಖಾರಿಯಲ್ಲಿ ದಾಖಲಾಗಿದೆ. ಒಂದು ದಿನ ಇವರು ಪ್ರವಾದಿಯವರ(ಸ) ಬಳಿಗೆ ಹೋಗುವುದು, ಮರುದಿನ ಅವರು ಹೋಗುವುದು. ಹೋದವರು ಅಂದು ಕೇಳಿದ್ದನ್ನೆಲ್ಲ ಸಂಜೆ ಬಂದು ಇನ್ನೊಬ್ಬರಿಗೆ ತಿಳಿಸುವುದು. ಮುಂದೆ ಖಲೀಫರಾದ ಮಹಾಪುರುಷರೇ ದೀನ್ ಕಲಿಯಲು ಹೀಗೆ ಪಾಳಿ ಹಾಕಿಕೊಳ್ಳಬೇಕಾಯಿತೆಂದ ಮೇಲೆ, ಅಂದಿನವರಿಗೆ ಬಿಡುವಿತ್ತೆಂದು ಹೇಳುವುದು ಹೇಗೆ?

ಪವಿತ್ರ ಕುರ್‌ಆನ್ ಕೂಡ ಬಿಡುವಿಲ್ಲದ ಜನರನ್ನೇ ಉದ್ದೇಶಿಸಿ ಮಾತನಾಡಿದೆ. ಸೂರಃ ಅಲ್ ಮುಝ್ಝಮ್ಮಿಲ್‌ನ ಆರಂಭದಲ್ಲಿ ರಾತ್ರಿಯ ಬಹುಭಾಗ ನಿಂತು ನಮಾಝ್ ಮಾಡುವ ಆದೇಶವಿದೆ. ಅದೇ ಸೂರಃದ ಕೊನೆಯ ವಚನಕ್ಕೆ ಬಂದಾಗ ಆ ಭಾರ ಹಗುರವಾಗುತ್ತದೆ. ಕಾರಣವನ್ನೂ ಅಲ್ಲಿಯೇ ಕೊಡಲಾಗಿದೆ: ನಿಮ್ಮಲ್ಲಿ ರೋಗಿಗಳಿರುತ್ತಾರೆ, ಸಂಪಾದನೆಗಾಗಿ ಊರೂರು ತಿರುಗುವವರಿರುತ್ತಾರೆ, ಯುದ್ಧಕ್ಕೆ ಹೊರಟವರಿರುತ್ತಾರೆ, ಆದ್ದರಿಂದ ಸುಲಭವಾದಷ್ಟು ಓದಿಕೊಳ್ಳಿರಿ. ಜೀವನೋಪಾಯಕ್ಕಾಗಿ ತಿರುಗುವವರನ್ನು ಇಲ್ಲಿ ಗದರಿಸಿಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ. ಸೂರಃ ಅಲ್ ಜುಮುಅಃದಲ್ಲಿಯೂ ಅಷ್ಟೆ. ಕರೆ ಕೇಳಿದಾಗ ವ್ಯಾಪಾರ ನಿಲ್ಲಿಸಿ ಬರಬೇಕು. ನಮಾಝ್ ಮುಗಿದೊಡನೆ ಚದರಿ ಹೋಗಿ ಮತ್ತೆ ಅಲ್ಲಾಹನ ಅನುಗ್ರಹವನ್ನು ಅರಸಬೇಕು. ಅಂಗಡಿಯ ಬಾಗಿಲು ದಿನವಿಡೀ ಮುಚ್ಚಿರಲಿ ಎಂದು ಎಲ್ಲಿಯೂ ಇಲ್ಲ.

ಇನ್ನೊಂದು ಕಡೆ ಅತಿಯಾದವರನ್ನೂ ತಡೆದ ಉದಾಹರಣೆ ಇದೆ. ಅಬೂ ದರ್ದಾ(ರ) ಅವರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಕುಳಿತಾಗ ಅವರ ಮನೆಯವರು ಕಡೆಗಣಿಸಲ್ಪಟ್ಟರು. ಅತಿಥಿಯಾಗಿ ಬಂದ ಸಲ್ಮಾನ್ ಫಾರ್ಸಿ(ರ) ಅವರು ಅದನ್ನು ಗಮನಿಸಿ, ಊಟ ಮಾಡಿಸಿ, ರಾತ್ರಿ ಮಲಗಿಸಿ, ಕೊನೆಯ ಜಾವದಲ್ಲಿ ಎಬ್ಬಿಸಿ ಇಬ್ಬರೂ ಸೇರಿ ನಮಾಝ್ ಮಾಡಿದರು. ಪ್ರಭುವಿನ ಹಕ್ಕು, ಸ್ವಂತ ದೇಹದ ಹಕ್ಕು, ಮನೆಯವರ ಹಕ್ಕು ಮೂರೂ ಇವೆಯೆಂದು ತಿಳಿಸಿದರು. ಪ್ರವಾದಿಯವರು(ಸ) ಸಲ್ಮಾನ್(ರ) ಹೇಳಿದ್ದೇ ಸರಿಯೆಂದರು. ಅಲ್ಪವಾದರೂ ನಿರಂತರವಾಗಿ ನಡೆಯುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಹದೀಸ್ ನಿಮಗೆಲ್ಲ ತಿಳಿದದ್ದೇ.

ಹಾಗಾದರೆ ಕೆಲಸದ ಒತ್ತಡದಲ್ಲಿ ಅವರಿಗೆ ನಮಾಝ್ ತಪ್ಪಿದ್ದೇ ಇಲ್ಲವೇ? ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ, ಶತ್ರುಗಳು ಮದೀನಾವನ್ನು ಸುತ್ತುವರಿದಿದ್ದಾಗ, ಒಂದು ದಿನ ಅಸರ್ ನಮಾಝ್ ಸೂರ್ಯಾಸ್ತದ ನಂತರವೇ ನಡೆಯಿತು. ಪ್ರವಾದಿಯವರು(ಸ) ಅದಕ್ಕಾಗಿ ಬಹಳ ನೊಂದರು. ವುಝೂ ಮಾಡಿ ಮೊದಲು ಅಸರ್, ಅನಂತರ ಮಗ್ರಿಬ್ ನೆರವೇರಿಸಿದರು. ಹೋದ ವಕ್ತಿನ ಬಗ್ಗೆ ದುಃಖವೂ ಇದೆ, ಕೂಡಲೇ ಅದನ್ನು ಪೂರೈಸುವುದೂ ಇದೆ.

ಹಝ್ರತ್ ಉಮರ್(ರ) ಖಲೀಫರಾದ ಮೇಲೆ ರಾಜ್ಯಪಾಲರಿಗೆ ಬರೆದ ಒಂದು ಪತ್ರ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ನಿಮ್ಮ ಕಾರ್ಯಗಳಲ್ಲೆಲ್ಲ ನಮಾಝ್ ನನಗೆ ಮುಖ್ಯವೆಂದು ತಿಳಿಸಿ, ಅದನ್ನು ಕೈಬಿಟ್ಟವನು ಉಳಿದ ಕೆಲಸಗಳನ್ನು ಇನ್ನಷ್ಟು ಕೈಬಿಡುತ್ತಾನೆಂದು ಅವರು ಎಚ್ಚರಿಸುತ್ತಾರೆ. ನನಗೆ ಇದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮುಂದಿನ ಭಾಗ. ಬರೀ ಉಪದೇಶ ಬರೆದು ಅವರು ನಿಲ್ಲಿಸಲಿಲ್ಲ, ವೇಳಾಪಟ್ಟಿ ಬರೆದರು. ಝೊಹರ್ ಯಾವಾಗ ಎಂಬುದಕ್ಕೆ ನೆರಳಿನ ಅಳತೆ ಕೊಟ್ಟರು. ಅಸರ್ ಯಾವಾಗ ಎಂಬುದಕ್ಕೆ, ಸೂರ್ಯ ಮುಳುಗುವ ಮೊದಲು ಸವಾರನೊಬ್ಬ ಎರಡು ಮೂರು ಫರ್ಸಖ್ ದೂರ ಸಾಗುವಷ್ಟು ಸಮಯವಿರಬೇಕೆಂದರು. ಗಡಿಯಾರವಿಲ್ಲದ ಕಾಲದಲ್ಲಿ, ಇರಾಕಿನಿಂದ ಈಜಿಪ್ಟಿನವರೆಗೆ ಹರಡಿದ್ದ ಆಡಳಿತದ ಅಧಿಕಾರಿಗಳು ಕೆಲಸದ ನಡುವೆ ನೋಡಿ ತಿಳಿದುಕೊಳ್ಳಬಹುದಾದ ಅಳತೆ ಇದು. ಅವರಿಗೆ ಸಮಯ ‘ಸಿಗಲಿ’ ಎಂದು ಖಲೀಫರು ಕಾಯಲಿಲ್ಲ. ಮೊದಲೇ ಗೊತ್ತುಮಾಡಿ ಕಳುಹಿಸಿದರು.

ಇಲ್ಲಿಂದಲೇ ನಮ್ಮ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ತೆರೆದುಕೊಳ್ಳುತ್ತದೆ. ಐದು ಹೊತ್ತು ಗೊತ್ತಾದ ಮೇಲೆ ಆ ಹೊತ್ತನ್ನು ಅಳೆಯುವುದು ಹೇಗೆ? ಆರಂಭದಲ್ಲಿ ಕಣ್ಣೇ ಸಾಧನ. ಬಿಲಾಲ್(ರ) ಆಕಾಶ ನೋಡಿ ಅಝಾನ್ ಹೇಳಿದರು. ಇಬ್ನ್ ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಬೆಳಗಾಯಿತೆಂದು ಜನ ತಿಳಿಸಿದ ಮೇಲೆ ಅವರು ಫಜರ್‌ನ ಅಝಾನ್ ಕೊಡುತ್ತಿದ್ದರು. ಹಗಲಿನಲ್ಲಿ ನೆರಳೇ ಮುಳ್ಳು, ನೆಲವೇ ಗಡಿಯಾರ. ಮಧ್ಯಾಹ್ನದ ನೆರಳಿಗೆ ವಸ್ತುವಿನ ಉದ್ದದಷ್ಟು ನೆರಳು ಸೇರಿದಾಗ ಅಸರ್ ಆರಂಭವೆಂದು ಶಾಫಿಈ ಮತ್ತಿತರ ಇಮಾಮರ ಅಭಿಪ್ರಾಯ. ಅದರ ಇಮ್ಮಡಿ ಸೇರಿದಾಗ ಎಂದು ಇಮಾಮ್ ಅಬೂ ಹನೀಫಾ(ರಹ್). ಆದ್ದರಿಂದಲೇ ಶಾಫಿಈ ಮದ್‌ಹಬ್‌ನ ಮಂಗಳೂರು, ಭಟ್ಕಳದ ಮಸೀದಿಗಳಲ್ಲಿ ಅಸರ್ ಅಝಾನ್ ಬೇಗ ಕೇಳುತ್ತದೆ, ಹನಫಿಗಳೇ ಹೆಚ್ಚಿರುವ ಬಯಲುಸೀಮೆಯಲ್ಲಿ ತಡವಾಗಿ ಕೇಳುತ್ತದೆ. ಕರಾವಳಿಗೆ ಮದುವೆಗೆ ಹೋದವರು ಇದನ್ನು ಕಂಡು ಗಾಬರಿಯಾಗಬೇಕಿಲ್ಲ.

ಊರುಗಳು ಬೆಳೆದು ಪೇಟೆ, ಕಚೇರಿ, ಮದ್ರಸಗಳು ತುಂಬಿದಂತೆ ನೆರಳು ನೋಡುವ ಕೆಲಸ ಗಣಿತಜ್ಞರ ಕೈಗೆ ಬಂತು. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಆ ನಗರದ ಅಕ್ಷಾಂಶಕ್ಕೆ ನಮಾಝಿನ ವೇಳೆಯ ಕೋಷ್ಟಕ ತಯಾರಿಸಿದರು. ನೀವು ಶಾಲೆಯಲ್ಲಿ ಕಷ್ಟಪಟ್ಟು ಕಲಿಯುವ ಅಲ್ಜೀಬ್ರಾದ ಹೆಸರು ಬಂದದ್ದು ಇವರದೇ ಗ್ರಂಥದಿಂದ. ಕೈರೋದಲ್ಲಿ, 1009ರಲ್ಲಿ ನಿಧನರಾದ ಇಬ್ನ್ ಯೂನುಸ್‌ರ ಲೆಕ್ಕಗಳ ತಳಹದಿಯ ಮೇಲೆ ಬೆಳೆದ ಕೋಷ್ಟಕಗಳು ಸುಮಾರು 200 ಪುಟ, 30,000 ಅಂಕಿಗಳಷ್ಟಾದವು. ಹತ್ತೊಂಬತ್ತನೆಯ ಶತಮಾನದವರೆಗೂ ಆ ನಗರ ಅವನ್ನು ಬಳಸಿತು.

ಇದೇ ಕಾಲದ ಅಲ್ ಬೀರೂನಿ ನಮ್ಮ ದೇಶಕ್ಕೆ ಬಂದು ಸಂಸ್ಕೃತ ಕಲಿತವರು. ನೆರಳುಗಳ ಬಗ್ಗೆಯೇ ಅವರದೊಂದು ಗ್ರಂಥವಿದೆ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ನಮಾಝಿನ ವೇಳೆ ತಿಳಿಸುವ ಉಪಕರಣವೊಂದನ್ನು ಮಸೀದಿಯವರೊಬ್ಬರಿಗೆ ತೋರಿಸಿದರೆ, ಅದರ ಮೇಲೆ ರೂಮಿ ಕ್ರೈಸ್ತರ ತಿಂಗಳ ಹೆಸರುಗಳಿವೆಯೆಂಬ ಕಾರಣಕ್ಕೆ ಅವರು ಬೇಡವೆಂದರಂತೆ. ರೂಮಿಗಳು ಊಟವನ್ನೂ ಮಾಡುತ್ತಾರೆ, ಹಾಗಾದರೆ ಅದನ್ನೂ ಬಿಟ್ಟುಬಿಡಿ ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತು. ಸಾವಿರ ವರ್ಷದ ಹಿಂದಿನ ಈ ಚರ್ಚೆ, ಮೊಬೈಲಿನಲ್ಲಿ ಅಝಾನ್ ಅಲಾರಾಂ ಇಡಬಹುದೇ ಬೇಡವೇ ಎಂಬ ಚರ್ಚೆಗಿಂತ ಬಹಳ ಬೇರೆಯೇನಲ್ಲ.

ಇನ್ನು ವಿದ್ಯಾರ್ಥಿಗಳೂ ಶಿಕ್ಷಕರೂ ತಿಳಿಯಲೇಬೇಕಾದ ವ್ಯಕ್ತಿಯೊಬ್ಬರ ವಿಷಯಕ್ಕೆ ಬರುತ್ತೇನೆ. ಇಮಾಮ್ ಗಝ್ಝಾಲಿ(ರಹ್) 1058ರಲ್ಲಿ ಖುರಾಸಾನಿನ ತೂಸ್‌ನಲ್ಲಿ ಹುಟ್ಟಿದರು. 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಅಧ್ಯಾಪಕರಾದರು. ಸುಮಾರು 300 ವಿದ್ಯಾರ್ಥಿಗಳು, ಆಸ್ಥಾನದ ಸಂಪರ್ಕ, ವಾದಗ್ರಂಥಗಳ ರಚನೆ. ಆ ಕಾಲದ ಅತಿ ಗಡಿಬಿಡಿಯ ಮನುಷ್ಯರಲ್ಲಿ ಒಬ್ಬರೆನ್ನಬಹುದು. ದೀನಿನ ವಿದ್ಯೆಯನ್ನೇ ಕಲಿಸುತ್ತಿದ್ದರೂ ಅದರಲ್ಲಿ ತನ್ನ ಉದ್ದೇಶ ಶುದ್ಧವಾಗಿಲ್ಲ, ಹೆಸರಿನ ಆಸೆಯೇ ನಡೆಸುತ್ತಿದೆ ಎಂದು ಅವರಿಗೆ ಅನ್ನಿಸತೊಡಗಿತು. 1095ರಲ್ಲಿ ಪಾಠ ಹೇಳಲು ನಾಲಿಗೆಯೇ ಏಳದಂತಾಯಿತು. ಹುದ್ದೆ ಬಿಟ್ಟು ದಮಾಸ್ಕಸ್ಸಿಗೆ ಹೋದರು. ಅಲ್ಲಿನ ಜಾಮಿಆ ಮಸೀದಿಯ ಮಿನಾರ್ ಹತ್ತಿ, ಬಾಗಿಲು ಹಾಕಿಕೊಂಡು ಹಗಲಿಡೀ ಒಬ್ಬರೇ ಕುಳಿತಿರುತ್ತಿದ್ದರೆಂದು ಆತ್ಮಕಥನದಲ್ಲಿ ತಾವೇ ಬರೆದಿದ್ದಾರೆ.

ಇಷ್ಟು ಓದಿದವರು, ನೋಡಿ, ಎಲ್ಲ ಬಿಟ್ಟು ಹೋದರೆ ಮಾತ್ರ ಇಬಾದತ್ ಸಾಧ್ಯ ಎಂದುಕೊಳ್ಳಬಹುದು. ಆದರೆ ಅವರು ಮುಂದೆ ಬರೆದ ಇಹ್ಯಾ ಉಲೂಮಿದ್ದೀನ್‌ನಲ್ಲಿ ಬೇರೆಯೇ ಮಾತಿದೆ. ಅದರ 40 ಪುಸ್ತಕಗಳಲ್ಲಿ ಹತ್ತನೆಯದು ದಿನಚರಿಯ ವಿರ್ದ್‌ಗಳ ಬಗ್ಗೆ. ನಮ್ಮ ಮನೆಗಳಲ್ಲಿ ವಝೀಫಾ ಎನ್ನುತ್ತೇವಲ್ಲ, ಅದೇ. ಹಗಲನ್ನು ಏಳು ಭಾಗ ಮಾಡಿ, ರಾತ್ರಿಯನ್ನೂ ಹಾಗೆಯೇ ವಿಂಗಡಿಸಿ, ಯಾವ ಹೊತ್ತಿಗೆ ಏನೆಂದು ಅಲ್ಲಿ ಹೇಳಿದ್ದಾರೆ. ಅನಂತರ ಒಂದು ಪ್ರಶ್ನೆ ಎತ್ತುತ್ತಾರೆ: ಈ ಪಟ್ಟಿ ಎಲ್ಲರಿಗೂ ಒಂದೇಯೇ? ಅಲ್ಲ. ಜನರನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ. ಆರಾಧನೆಯ ಹೊರತು ಬೇರೆ ಕೆಲಸವಿಲ್ಲದವನು, ವಿದ್ವಾಂಸ, ವಿದ್ಯಾರ್ಥಿ, ಕಸುಬುದಾರ, ಅಧಿಕಾರಿ, ಕೊನೆಯದಾಗಿ ಅಲ್ಲಾಹನ ಸ್ಮರಣೆಯಲ್ಲಿಯೇ ಮುಳುಗಿಹೋದವನು.

ಕಸುಬುದಾರನ ಬಗ್ಗೆ ಅವರು ಹೇಳುವುದನ್ನು ಗಮನಿಸಿ. ಹೆಂಡತಿ ಮಕ್ಕಳನ್ನು ಸಾಕಬೇಕಾದವನು ಅವರನ್ನು ಉಪವಾಸ ಕೆಡವಿ ದಿನವೆಲ್ಲ ಐಚ್ಛಿಕ ಆರಾಧನೆಯಲ್ಲಿ ಕಳೆಯುವಂತಿಲ್ಲ. ದುಡಿಯುವ ಹೊತ್ತಿನಲ್ಲಿ ಪೇಟೆಗೆ ಹೋಗಿ ದುಡಿಯುವುದೇ ಅವನ ವಿರ್ದ್. ಕೈ ಕೆಲಸ ಮಾಡುತ್ತಿರುವಾಗ ನಾಲಿಗೆ ಝಿಕ್ರ್ ಮಾಡಬಹುದು. ಕಮ್ಮಾರನಿಗೂ ದರ್ಜಿಗೂ ಅದಕ್ಕೆ ಅಡ್ಡಿಯಿಲ್ಲ. ಬೇಕಾದಷ್ಟು ಸಂಪಾದನೆಯಾದ ಮೇಲೆ ತನ್ನ ವಿರ್ದ್‌ಗಳಿಗೆ ಮರಳಬೇಕು. ಇನ್ನೂ ದುಡಿದು ಹೆಚ್ಚಿನದನ್ನು ದಾನ ಮಾಡಿದರೆ ಅದು ಇನ್ನೂ ಉತ್ತಮ. ಅಧಿಕಾರಿಯಾದವನಿಗೆ ಹಗಲಿನಲ್ಲಿ ಜನರ ಅಗತ್ಯಗಳನ್ನು ಪೂರೈಸುವುದೇ ಮೇಲು. ಫರ್ಝ್ ನಮಾಝ್‌ಗಳನ್ನು ಬಿಡದೆ, ಉಳಿದ ವಿರ್ದ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಬೇಕು. ವಿದ್ಯಾರ್ಥಿಗಂತೂ ನಫಿಲ್‌ಗಳಿಗಿಂತ ವಿದ್ಯೆಯಲ್ಲಿ ತೊಡಗಿರುವುದೇ ಶ್ರೇಷ್ಠ.

ವಿದ್ಯಾರ್ಥಿ ಮಿತ್ರರೇ, ಈ ಕೊನೆಯ ಮಾತನ್ನು ಅರ್ಧ ಮಾತ್ರ ಓದಬೇಡಿ. ಇಮಾಮರು ಬದಲಿಸಿದ್ದು ಐಚ್ಛಿಕವಾದದ್ದನ್ನು, ಫರ್ಝ್ ಅನ್ನು ಯಾರಿಗೂ ಬದಲಿಸಲಿಲ್ಲ. ಆದರೆ ನಮ್ಮಲ್ಲಿ ಏನಾಗುತ್ತದೆಂದರೆ, ರಮಝಾನಿನಲ್ಲಿ ತಹಜ್ಜುದ್, ದಿನಕ್ಕೆ ಒಂದು ಪಾರಾ, ತಸ್ಬೀಹ್ ಎಂದು ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಳ್ಳುತ್ತೇವೆ. ಈದ್ ಕಳೆದು ಹದಿನೈದು ದಿನಕ್ಕೆ ಭಾರ ತಾಳದೆ ಫಜರ್ ಸಹಿತ ಎಲ್ಲವನ್ನೂ ಇಳಿಸಿಬಿಡುತ್ತೇವೆ. ಎಲ್ಲವನ್ನೂ ಬಿಟ್ಟು ಮಿನಾರ್ ಹತ್ತಿ ಕುಳಿತಿದ್ದ ಮನುಷ್ಯರೇ, ಕಮ್ಮಾರನಿಗೂ ಕಾರಕೂನನಿಗೂ ಬೇರೆ ಬೇರೆ ಪಟ್ಟಿ ಬರೆದುಕೊಟ್ಟದ್ದು ಯಾಕೆಂದು ಯೋಚಿಸಿ.

ಅದೇ ದಮಾಸ್ಕಸ್ಸಿನ ಅದೇ ಮಸೀದಿಯಲ್ಲಿ ಎರಡೂ ಮುಕ್ಕಾಲು ಶತಮಾನಗಳ ನಂತರ ಇನ್ನೊಬ್ಬರು ಮಿನಾರ್ ಹತ್ತಿದರು, ಬೇರೆ ಕೆಲಸಕ್ಕೆ. ಹದಿಮೂರನೆಯ ಶತಮಾನದ ಹೊತ್ತಿಗೆ ಈಜಿಪ್ಟಿನ ದೊಡ್ಡ ಮಸೀದಿಗಳಲ್ಲಿ ‘ಮುವಕ್ಕಿತ್’ ಎಂಬ ಹುದ್ದೆ ಹುಟ್ಟಿಕೊಂಡಿತ್ತು. ವಕ್ತ್ ಲೆಕ್ಕ ಹಾಕುವವನೇ ಮುವಕ್ಕಿತ್. ಖಗೋಳ ವಿಜ್ಞಾನಿಯೊಬ್ಬ ಮಸೀದಿಯ ಸಂಬಳದ ನೌಕರ. 1304ರಲ್ಲಿ ಹುಟ್ಟಿದ ಇಬ್ನ್ ಶಾತಿರ್ ದಮಾಸ್ಕಸ್ಸಿನ ಉಮಯ್ಯಾ ಮಸೀದಿಯ ಮುವಕ್ಕಿತ್ ಆಗಿದ್ದರು. 1371ರಲ್ಲಿ ಅವರು ಅದರ ಒಂದು ಮಿನಾರ್‌ಗೆಂದು ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲದ ಅಮೃತಶಿಲೆಯ ಮೇಲೆ ಸೂರ್ಯ ಗಡಿಯಾರವನ್ನು ಕೆತ್ತಿದರು. ಅದರ ಕಡ್ಡಿ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿತ್ತು. ಇಂದು ಉಳಿದಿರುವ ಅಂಥ ಗಡಿಯಾರಗಳಲ್ಲಿ ಅದೇ ಅತಿ ಹಳೆಯದು. ಪ್ರಯಾಣದಲ್ಲಿ ಒಯ್ಯಲೆಂದು ಒಂದು ಚಿಕ್ಕ ಪೆಟ್ಟಿಗೆಯ ಉಪಕರಣವನ್ನೂ ಅವರು ಮಾಡಿದ್ದರು. ಇದೇ ಮುವಕ್ಕಿತ್ ಚಂದ್ರನ ಚಲನೆಗೆ ಹಾಕಿದ ಲೆಕ್ಕದ ಮಾದರಿ, ಮುಂದೆ ಕೋಪರ್ನಿಕಸ್ ಬಳಸಿದ ಮಾದರಿಯನ್ನೇ ಹೋಲುತ್ತದೆಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕಂಡುಕೊಂಡರು. ದಮಾಸ್ಕಸ್ಸಿನ ಪೇಟೆಯ ವ್ಯಾಪಾರಿಗೆ ಇದೆಲ್ಲ ತಿಳಿದಿರಬೇಕಾಗಿರಲಿಲ್ಲ. ಅವನಿಗೆ ಅಝಾನ್ ಕೇಳಿದರೆ ಸಾಕಿತ್ತು.

ಭಾರತಕ್ಕೆ ಬರೋಣ. ನಮ್ಮಲ್ಲಿ ನೆರಳಿನ ಜೊತೆಗೆ ನೀರೂ ಕಾಲವನ್ನು ಅಳೆಯುತ್ತಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗಲು 24 ನಿಮಿಷ. ಅದೇ ಒಂದು ಗಳಿಗೆ. ದಿನಕ್ಕೆ 60 ಗಳಿಗೆ. ದಿಲ್ಲಿಯ ಸುಲ್ತಾನ ಫಿರೋಝ್ ಷಾ ತುಘಲಕ್ (ಆಳ್ವಿಕೆ 1351–1388) ಇದನ್ನು ಫಿರೋಝಾಬಾದಿನಲ್ಲಿ ಇರಿಸಿ ಗಂಟೆ ಬಾರಿಸುವ ವ್ಯವಸ್ಥೆ ಮಾಡಿದನೆಂದು ಇತಿಹಾಸಕಾರ ಅಫೀಫ್ ಬರೆಯುತ್ತಾನೆ. ಜನರಿಗೆ ನಮಾಝ್ ಮತ್ತು ರೋಝಾದ ವೇಳೆ ತಿಳಿಯುವುದು ಅದರ ಪ್ರಯೋಜನಗಳಲ್ಲೊಂದು. ಹಿಂದೂಸ್ಥಾನದ ಪಂಡಿತರ ಗಳಿಗೆ ಬಟ್ಟಲು ಮುಸಲ್ಮಾನರ ಫಜರ್‌ಗೆ ಕೆಲಸಕ್ಕೆ ಬಂತು.

ಬಾಬರನಿಗೂ ಇದರ ಮೇಲೆ ಕುತೂಹಲ. ಗಳಿಗೆಯ ಜೊತೆ ಯಾವ ಪ್ರಹರ ಎಂಬುದನ್ನೂ ಬಾರಿಸಿ ತಿಳಿಸುವಂತೆ ಅವನು ಆಜ್ಞೆ ಮಾಡಿದ. ರಾತ್ರಿ ಎಚ್ಚರವಾದವನಿಗೆ ಬರೀ ಗಳಿಗೆಯ ಎಣಿಕೆ ಕೇಳಿದರೆ ಏನು ತಿಳಿದೀತು? ಬಾಬರ್‌ನಾಮಾದಲ್ಲಿ ಇನ್ನೊಂದು ಸೊಗಸಾದ ಲೆಕ್ಕವಿದೆ. ಬಿಸ್ಮಿಲ್ಲಾಹ್ ಸಹಿತ ಸೂರಃ ಫಾತಿಹಾವನ್ನು ಆರು ಸಲ ಓದುವಷ್ಟು ಕಾಲ ಒಂದು ನಿಮಿಷ. ಆದ್ದರಿಂದ ಹಗಲು ರಾತ್ರಿ ಸೇರಿ 8640 ಫಾತಿಹಾ. (ಬಾಬರ್ ಸ್ವಲ್ಪ ಬೇಗ ಬೇಗ ಓದುತ್ತಿದ್ದಿರಬೇಕು!) ಈ ಅಳತೆಯನ್ನು ಹಿಡಿದೇ ನಮ್ಮ ದಿನವನ್ನು ಅಳೆಯಿರಿ. ಐದು ಹೊತ್ತಿನ ಫರ್ಝ್ ಒಟ್ಟು 17 ರಕಅತ್, ಅಂದರೆ 17 ಫಾತಿಹಾ. ರುಕೂ, ಸಜ್ದಾ, ಉಳಿದ ಪಠಣ ಎಲ್ಲ ಸೇರಿಸಿ, ನಿಧಾನವಾಗಿಯೇ ಮಾಡಿದರೂ, ಸುನ್ನತ್ ಮತ್ತು ವುಝೂ ಸೇರಿಸಿದರೂ, 1440 ನಿಮಿಷದ ದಿನದಲ್ಲಿ ಅದು ಎಷ್ಟಾದೀತೆಂದು ನೀವೇ ಲೆಕ್ಕ ಹಾಕಿ. ಕ್ರಿಕೆಟ್ ಪಂದ್ಯದ ಒಂದು ಇನ್ನಿಂಗ್ಸ್‌ನಷ್ಟೂ ಆಗದು.

ರಾಜರ ನಮಾಝಿನ ಕಥೆಗಳು ನಮ್ಮಲ್ಲಿ ಬಹಳ. 1647ರಲ್ಲಿ ಬಲ್ಖ್‌ನ ಯುದ್ಧರಂಗದಲ್ಲಿ, ಆಗ ಇನ್ನೂ ರಾಜಕುಮಾರನಾಗಿದ್ದ ಔರಂಗಝೇಬ್ ಝೊಹರ್ ವೇಳೆಯಾದಾಗ ಕಾಳಗದ ನಡುವೆಯೇ ಇಳಿದು ನಮಾಝ್ ಮಾಡಿದ್ದು, ಅದನ್ನು ಕಂಡ ಬುಖಾರಾದ ಅಬ್ದುಲ್ ಅಝೀಝ್ ಖಾನ್ ಇಂಥವನ ಜೊತೆ ಹೋರಾಡುವುದು ತರವಲ್ಲವೆಂದು ಹಿಂದೆ ಸರಿದದ್ದು ಮುಆಸಿರೆ ಆಲಂಗೀರಿಯಲ್ಲಿದೆ. ಇನ್ನು ಶ್ರೀರಂಗಪಟ್ಟಣದ ಮಸ್ಜಿದೆ ಆಲಾ. 1787ರ ಸುಮಾರಿಗೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಮಸೀದಿಯ ಮೊದಲ ನಮಾಝಿಗೆ, ಎಂದೂ ಒಂದು ವಕ್ತ್ ತಪ್ಪಿಸದವರೇ ಇಮಾಮತ್ ಮಾಡಲಿ ಎಂದಾಗ ಯಾರೂ ಮುಂದೆ ಬರಲಿಲ್ಲ, ಕೊನೆಗೆ ಸುಲ್ತಾನರೇ ಮುಂದೆ ಬಂದರು ಎಂಬ ಕಥೆಯನ್ನು ನೀವು ಭಾಷಣಗಳಲ್ಲಿ ಕೇಳಿರುತ್ತೀರಿ.

ಇಲ್ಲಿ ಸ್ವಲ್ಪ ತಡೆಯಬೇಕು. ಇದೇ ಕಥೆಯನ್ನು ದಿಲ್ಲಿಯಲ್ಲಿ ಸುಲ್ತಾನ್ ಇಲ್ತುಮಿಷ್ ಬಗ್ಗೆ, ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ ಜನಾಝಾ ನಮಾಝಿನ ಸಂದರ್ಭಕ್ಕೆ ಹೇಳುತ್ತಾರೆ. ಇಸ್ತಾಂಬುಲಿನಲ್ಲಿ ಸುಲ್ತಾನ್ ಎರಡನೆಯ ಬಯಝೀದ್ ಬಗ್ಗೆ, ಅವನ ಮಸೀದಿಯ ಉದ್ಘಾಟನೆಗೆ ಹೇಳುತ್ತಾರೆ. ಮೂರು ಊರು, ಮೂರು ಸುಲ್ತಾನರು, ಕಥೆ ಒಂದೇ. ಇಂಥದ್ದು ಕಂಡಾಗ ಚರಿತ್ರೆ ಓದುವವರು ಅದನ್ನು ಘಟನೆಯೆಂದು ಬರೆದುಕೊಳ್ಳದೆ, ಜನರ ಆಸೆಯೆಂದು ಬರೆದುಕೊಳ್ಳಬೇಕು. ರಾಜ್ಯಭಾರದ ನಡುವೆಯೂ ವಕ್ತ್ ತಪ್ಪಿಸದ ದೊರೆ ಬೇಕೆಂದು ಜನ ಎಲ್ಲೆಡೆ ಬಯಸಿದರು. ತಮಗೆ ಪ್ರಿಯನಾದವನಿಗೆ ಆ ಕಥೆಯನ್ನು ತೊಡಿಸಿದರು. ಟಿಪ್ಪುವಿನ ಬಗ್ಗೆ ಹೇಳಲು ದಾಖಲೆಯಿರುವ ಸಂಗತಿಗಳೇ ಬೇಕಾದಷ್ಟಿವೆ. ಅವನು 1788ರಲ್ಲಿ ಪ್ಯಾರಿಸ್ಸಿಗೆ ತಲುಪಿದ ತನ್ನ ರಾಯಭಾರಿಗಳ ಮೂಲಕ ಕರೆಸಿಕೊಂಡ ಕುಶಲಕರ್ಮಿಗಳಲ್ಲಿ ಗಡಿಯಾರ ಮಾಡುವವರೂ ಇದ್ದರು.

ಆ ಗಡಿಯಾರವೇ ಮುಂದೆ ಎಲ್ಲವನ್ನೂ ಬದಲಿಸಿತು. ಉಸ್ಮಾನಿ ತುರ್ಕರು ಗಡಿಯಾರವನ್ನೇ ನಮಾಝಿಗೆ ಬಗ್ಗಿಸಿಕೊಂಡಿದ್ದರು. ಪ್ರತಿದಿನ ಸೂರ್ಯಾಸ್ತಕ್ಕೆ ಮುಳ್ಳನ್ನು 12ಕ್ಕೆ ತಿರುಗಿಸುವ ಪದ್ಧತಿ ಅಲ್ಲಿತ್ತು. 1926ರಲ್ಲಿ ತುರ್ಕಿ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಆದದ್ದು ಇದಕ್ಕೆ ವಿರುದ್ಧ. ರೈಲು ಬಂತು, ಕಾರ್ಖಾನೆಯ ಸೈರನ್ ಬಂತು, ಶಾಲೆಯ ಗಂಟೆ ಬಂತು. 1906ರ ಜನವರಿ 1ರಿಂದ 82 ಡಿಗ್ರಿ 30 ಮಿನಿಟ್ ರೇಖಾಂಶದ ವೇಳೆಯೇ ಭಾರತದ ವೇಳೆ ಎಂದಾಯಿತು. ಅಂದಿನಿಂದ ನಮ್ಮ ಕೈಗಡಿಯಾರದ 12 ಗಂಟೆಗೂ ನೆತ್ತಿಯ ಮೇಲಿನ ಸೂರ್ಯನಿಗೂ ನೆಂಟಸ್ತಿಕೆ ಕಡಿಮೆ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರು ಆ ಗೆರೆಯಿಂದ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ, ಆದ್ದರಿಂದ 20 ನಿಮಿಷ ಹಿಂದೆ. ಮಂಗಳೂರು ಇನ್ನೂ 11 ನಿಮಿಷ ಹಿಂದೆ. ಬೆಂಗಳೂರಿನ ಕ್ಯಾಲೆಂಡರ್ ಹಿಡಿದು ಮಂಗಳೂರಿನಲ್ಲಿ ರೋಝಾ ಬಿಟ್ಟರೆ ಸೂರ್ಯ ಇನ್ನೂ ಸಮುದ್ರದ ಮೇಲೆಯೇ ಇರುತ್ತಾನೆ. ಗೋಡೆಯ ಮೇಲಿನ ಆ ಸಣ್ಣಕ್ಷರದ ಪಟ್ಟಿಯಲ್ಲಿ ಬೇರೆ ಬೇರೆ ಊರುಗಳಿಗೆ ಕೂಡು ಕಳೆ ನಿಮಿಷಗಳನ್ನು ಕೊಟ್ಟಿರುವುದು ಇದಕ್ಕೇ.

ಗಡಿಯಾರದ ದಿನಕ್ಕೂ ಸೂರ್ಯನ ದಿನಕ್ಕೂ ಹೊಂದಾಣಿಕೆ ಮಾಡಿದ ಮೊದಲ ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಅಲಿಗಢ ಒಂದು. ಸರ್ ಸೈಯದ್ ಅಹ್ಮದ್ ಖಾನ್ 1875ರಲ್ಲಿ ಅಲ್ಲಿ ಶಾಲೆ ತೆರೆದಾಗ ವಿರೋಧಿಗಳು, ಇಂಗ್ಲಿಷ್ ಕಲಿತ ಮಕ್ಕಳು ಕ್ರಿಸ್ತಾನರಾಗುತ್ತಾರೆಂದು ಗುಲ್ಲೆಬ್ಬಿಸಿದ್ದರು. ಅಲ್ಲಿನ ವಸತಿ ನಿಲಯದಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳಿಗೆ ನಮಾಝ್ ದಿನಚರಿಯ ಕಡ್ಡಾಯ ಭಾಗವಾಗಿತ್ತು. ಸುನ್ನಿ, ಶಿಯಾ ಇಬ್ಬರಿಗೂ ಒಂದೇ ಮಸೀದಿ, ಜಮಾಅತ್ ಬೇರೆ ಬೇರೆ. ಆ ಮಸೀದಿಯ ಆವರಣದಲ್ಲಿಯೇ ಸರ್ ಸೈಯದ್ ಮಣ್ಣಾಗಿದ್ದಾರೆ. ಗಣಿತದ ಪೀರಿಯಡ್ಡಿನ ಪಕ್ಕದಲ್ಲಿ ಝೊಹರ್‌ಗೆ ಒಂದು ಜಾಗ ಬರೆದಿಟ್ಟದ್ದರಿಂದ ಅಲಿಗಢದ ಗಣಿತವೇನೂ ಕೆಡಲಿಲ್ಲ.

ನಮ್ಮ ರಾಷ್ಟ್ರಪತಿಗಳಾಗಿದ್ದ (2002–2007) ಡಾ. ಎ.ಪಿ.ಜೆ. ಅಬ್ದುಲ್ ಕಲಾಮ್ ತಮ್ಮ ರಾಮೇಶ್ವರದ ಬಾಲ್ಯವನ್ನು ನೆನೆದು ಬರೆದಿದ್ದಾರೆ. ಎರಡನೆಯ ಮಹಾಯುದ್ಧದ ಕಾಲ. ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ ಗಣಿತದ ಪಾಠಕ್ಕೆ ಹೋಗುವುದು. ಸ್ನಾನ ಮಾಡದೆ ಬಂದವರಿಗೆ ಆ ಮೇಷ್ಟರು ಪಾಠ ಹೇಳುತ್ತಿರಲಿಲ್ಲ. ಅಲ್ಲಿಂದ ಬಂದೊಡನೆ ತಂದೆ ಜೈನುಲಾಬ್ದೀನ್ ನಮಾಝಿಗೂ ಅರಬಿ ಮದ್ರಸಕ್ಕೂ ಕರೆದೊಯ್ಯುತ್ತಿದ್ದರು. ಆಮೇಲೆ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಆಯ್ದು ಮನೆ ಮನೆಗೆ ಹಂಚುವುದು. ಶಾಲೆ ಶುರುವಾಗುವುದು ಇದೆಲ್ಲ ಆದ ಮೇಲೆ. ಈ ಹುಡುಗನಿಗಿಂತ ಮೊದಲು ಎದ್ದು ಅವನನ್ನು ಎಬ್ಬಿಸುತ್ತಿದ್ದವರು ತಾಯಿ ಆಶಿಯಮ್ಮ. ಚರಿತ್ರೆಯ ಪುಸ್ತಕಗಳಲ್ಲಿ ಮುವಕ್ಕಿತ್‌ಗಳ ಹೆಸರಿದೆ; ಸಾವಿರಾರು ಮನೆಗಳಲ್ಲಿ ಆ ಕೆಲಸ ಮಾಡಿದ ತಾಯಂದಿರ ಹೆಸರು ಇಲ್ಲ.

2007ರ ಅಕ್ಟೋಬರ್‌ನಲ್ಲಿ ಮಲೇಷಿಯಾದ ವೈದ್ಯ ಶೇಖ್ ಮುಸ್ಝಫರ್ ಶುಕೂರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ರಮಝಾನ್ ತಿಂಗಳು. ಆ ನಿಲ್ದಾಣ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದು ದಿನಕ್ಕೆ ಹದಿನಾರು ಸೂರ್ಯೋದಯ. ಹಾಗಾದರೆ ದಿನಕ್ಕೆ ಎಂಬತ್ತು ನಮಾಝೇ? ಮಲೇಷಿಯಾದ ವಿದ್ವಾಂಸರು ಮೊದಲೇ ಕುಳಿತು ಚರ್ಚಿಸಿ ಮಾರ್ಗದರ್ಶನ ಬರೆದುಕೊಟ್ಟಿದ್ದರು. ಹೊರಟ ಸ್ಥಳದ ವೇಳೆಯಂತೆ 24 ಗಂಟೆಗೆ ಐದೇ ಹೊತ್ತು. ಕಿಬ್ಲಾ ಸಾಧ್ಯವಾದಷ್ಟು ಮಟ್ಟಿಗೆ. ಹಝ್ರತ್ ಉಮರ್(ರ) ಸವಾರನ ಎರಡು ಮೂರು ಫರ್ಸಖ್‌ನ ಅಳತೆ ಬರೆದು ಕಳುಹಿಸಿದ ಕೆಲಸವೇ ಇದು.

ಈಗ ವಿದ್ಯಾರ್ಥಿಗಳಿಗೆ ಒಂದು ಚಟುವಟಿಕೆ. ಶಾಲೆಯ ಮೈದಾನದಲ್ಲಿ ಸಮತಟ್ಟಾದ ಜಾಗ ಆರಿಸಿ ಒಂದು ನೆಟ್ಟನೆಯ ಕೋಲು ನೆಡಿ. ಕೋಲಿನ ಎತ್ತರದಷ್ಟೇ ಉದ್ದದ ದಾರ ಹಿಡಿದು ಅದರ ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ಒಂಬತ್ತರಿಂದ ಕಾಯಿರಿ. ನೆರಳು ಕುಗ್ಗುತ್ತ ಅದರ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಬೆಳೆಯುತ್ತ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು ಮಾಡಿ. ಎರಡು ಗುರುತುಗಳ ನಡುಬಿಂದುವಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದರೆ ಅದು ಉತ್ತರ ದಕ್ಷಿಣ. ಅರಬ್ ಖಗೋಳಜ್ಞರು ಇದನ್ನು ‘ದಾಇರಾ ಹಿಂದಿಯ್ಯಾ’, ಅಂದರೆ ಹಿಂದೂಸ್ಥಾನದ ವೃತ್ತ ಎಂದೇ ಕರೆದರು. ಅದು ನಮ್ಮ ನೆಲದ ವಿದ್ಯೆ. ಮರುದಿನ ನೆರಳು ಆ ಗೆರೆಯನ್ನು ದಾಟಿ ಪೂರ್ವಕ್ಕೆ ವಾಲಿದೊಡನೆ ಝೊಹರ್ ವಕ್ತ್ ಶುರುವಾಯಿತೆಂದು ತಿಳಿಯಿರಿ. ಬೆಂಗಳೂರಿನಲ್ಲಿ ಅದು ನವೆಂಬರ್ ಆರಂಭದಲ್ಲಿ 12 ಗಂಟೆ 4 ನಿಮಿಷದ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12 ಗಂಟೆ 34 ನಿಮಿಷದ ಸುಮಾರಿಗೆ. ನಿಮ್ಮ ಶಾಲೆಯ ಊಟದ ಗಂಟೆ ಎಷ್ಟಕ್ಕೆ ಹೊಡೆಯುತ್ತದೆ, ಅದಕ್ಕೂ ನೆರಳಿಗೂ ಎಷ್ಟು ನಿಮಿಷ ಅಂತರವಿದೆ ಎಂದು ತಿಂಗಳಿಗೊಮ್ಮೆ ಬರೆದಿಟ್ಟುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.